ತಾಮ್ರದ ತಗಡಿನಲ್ಲಿ ಕೊರೆದ ಫಲವೃಕ್ಷಗಳು

ನಮ್ಮ ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಸಿದ್ಧಪಡಿಸುವ ಸಲುವಾಗಿ ನಾವು ಕಳೆದ ಮಳೆಗಾಲವಿಡೀ ಗುರುನಿವಾಸದ ಹಳೆಯ ದಾಖಲೆ ಪುಸ್ತಕಗಳನ್ನು ತಿರುವಿಹಾಕುತ್ತ ಕುಳಿತಿದ್ದೆವು. ದೇವಾಲಯದ ಅಡಿಪಾಯಕ್ಕೆ ತಂದ ಕಲ್ಲಿನ ಲೆಕ್ಕ, ಮಾಡಿಗೆ ಹೊದಿಸಿದ ಹಂಚಿನ ಲೆಕ್ಕ, ಗಂಟೆಯನ್ನು ಹೊತ್ತು ತಂದ ಗಾಡಿಯ ಬಾಡಿಗೆ, ಇವೆಲ್ಲವೂ ಅಂದಿನ ಗುರುಗಳ ಅಚ್ಚುಕಟ್ಟಾದ ಕೈಬರಹದಲ್ಲಿ ಉಳಿದಿವೆ. ಆದರೆ ಗುರುನಿವಾಸದ ಹಿತ್ತಲಿನಲ್ಲಿ ನಿಂತಿರುವ ಹಲಸಿನ ಮರವನ್ನು ನೆಟ್ಟವರು ಯಾರೆಂಬುದರ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಎಷ್ಟೋ ತಲೆಮಾರಿನ ಮಕ್ಕಳು ಧರ್ಮೋಪದೇಶದ ಪಾಠ ಮುಗಿಸಿ ಅದರ ತೊಳೆ ತಿಂದಿದ್ದಾರೆ. ಆಷಾಢದ ಕಷ್ಟದ ದಿನಗಳಲ್ಲಿ ಎಷ್ಟೋ ಮನೆಗಳ ಒಲೆಯ ಮೇಲೆ ಅದರ ಬೀಜ ಬೆಂದಿದೆ. ಅಂಥ ಮರಕ್ಕೆ ನಮ್ಮ ದಾಖಲೆಯಲ್ಲಿ ಸ್ಥಾನವಿಲ್ಲ.

ಆಗ ನಮಗೆ ನೆನಪಾದದ್ದು ಸೆಮಿನರಿಯ ಗ್ರಂಥಾಲಯದ ಗೋಡೆಯಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ್ದ ಒಂದು ಚಿತ್ರದ ಪ್ರತಿ. ಬಣ್ಣವಿಲ್ಲದ, ಬರಿಯ ಕಪ್ಪು ಗೆರೆಗಳ ಹಲಸಿನ ಚಿತ್ರ ಅದು. ಹಣ್ಣಿನ ಮುಳ್ಳುಗಳನ್ನು ಒಂದೊಂದಾಗಿ ಎಣಿಸಬಹುದು ಎಂಬಷ್ಟು ಸೂಕ್ಷ್ಮವಾದ ಕೆಲಸ. ಮೂಲೆಯಲ್ಲಿ ಮರದ ಹೆಸರನ್ನು ಹಲವು ಲಿಪಿಗಳಲ್ಲಿ ಕೊರೆದಿದ್ದರು: ರೋಮನ್ ಅಕ್ಷರಗಳಲ್ಲಿ ‘ತ್ಸ್ಯಾಕ-ಮರಂ’, ಅದರ ಬಳಿ ಮಲಯಾಳ, ಅರಬ್ಬಿ ಮತ್ತು ನಾಗರಿ ಬರಹ. ನಮಗೆ ಆಗ ಇಪ್ಪತ್ತೆರಡು ಪ್ರಾಯ. ಲ್ಯಾಟಿನ್ ಪಾಠದಿಂದ ಬೇಸತ್ತು ಆ ಚಿತ್ರದ ಮುಂದೆ ನಿಂತಿದ್ದಾಗ ನಮ್ಮ ಗುರುಗಳೊಬ್ಬರು, ಈ ಚಿತ್ರವಿರುವ ಗ್ರಂಥದ ಹಿಂದೆ ಒಬ್ಬ ಕಾರ್ಮೆಲ್ ಸಭೆಯ ಪಾದ್ರಿ ಇದ್ದಾರೆ ಎಂದರು. ಆ ಪಾದ್ರಿಯ ಕಥೆಯನ್ನೂ ಅವರೊಡನೆ ದುಡಿದವರ ಕಥೆಯನ್ನೂ ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡುವುದು ಉಚಿತವೆಂದು ತೋರಿತು.

ಆ ಗ್ರಂಥದ ಹೆಸರು ‘ಹೋರ್ತುಸ್ ಮಲಬಾರಿಕುಸ್’, ಎಂದರೆ ‘ಮಲಬಾರಿನ ತೋಟ’. 1678ರಿಂದ 1693ರವರೆಗೆ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಹನ್ನೆರಡು ದೊಡ್ಡ ಸಂಪುಟಗಳಾಗಿ ಅಚ್ಚಾಯಿತು. ಲ್ಯಾಟಿನ್ ಭಾಷೆಯ ವಿವರಣೆ, ಅದರೊಡನೆ ತಾಮ್ರಫಲಕದಿಂದ ಒತ್ತಿದ ಸುಮಾರು 790 ಚಿತ್ರಗಳು. ಅದರಲ್ಲಿ ವರ್ಣಿತವಾದ ಸಸ್ಯಗಳು 742 ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಮೊದಲ ಸಂಪುಟದ ಮೊದಲ ಚಿತ್ರವೇ ತೆಂಗಿನದು.

ಮಲಬಾರಿನ ಮರಗಳು ಯುರೋಪಿನವರ ಬರವಣಿಗೆಯಲ್ಲಿ ಕಾಣಿಸಿಕೊಂಡದ್ದು ಇದೇ ಮೊದಲಲ್ಲ. ಗೋವೆಯಲ್ಲಿ ವೈದ್ಯರಾಗಿದ್ದ ಗಾರ್ಸಿಯ ದ ಓರ್ತ ಎಂಬವರು 1563ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ ಗ್ರಂಥದಲ್ಲಿ ಮಾವು, ಹಲಸು, ತೆಂಗುಗಳನ್ನು ವರ್ಣಿಸಿದ್ದರು, ಆದರೆ ಅದರಲ್ಲಿ ಚಿತ್ರಗಳಿರಲಿಲ್ಲ. 1578ರಲ್ಲಿ ಸ್ಪೇನಿನ ಬುರ್ಗೋಸ್ ನಗರದಲ್ಲಿ ಕ್ರಿಸ್ತೊವಾವ್ ದ ಕೋಸ್ತ ಎಂಬ ವೈದ್ಯರು ಮರದಚ್ಚಿನ ಚಿತ್ರಗಳನ್ನು ಸೇರಿಸಿ ಇನ್ನೊಂದು ಗ್ರಂಥವನ್ನು ಹೊರತಂದರು. ಯೇಸುಸಭೆಯ ಪೋಲಿಷ್ ಗುರು ಮಿಖಾಯಿಲ್ ಬೊಯ್ಮ್ ಅವರು ಚೀನಾ ದೇಶದ ಗಿಡಗಳ ಸಚಿತ್ರ ಪುಸ್ತಕವನ್ನು 1656ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದರು. ಇವುಗಳಲ್ಲಿ ಯಾವುದೂ ವಿಸ್ತಾರದಲ್ಲಿ ಮಲಬಾರಿನ ತೋಟಕ್ಕೆ ಸರಿದೂಗುವುದಿಲ್ಲ.

ಈ ಮಹಾಕಾರ್ಯ ಹುಟ್ಟಿಕೊಂಡ ಸನ್ನಿವೇಶವನ್ನು ನಮ್ಮ ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 1663ರ ಜನವರಿಯಲ್ಲಿ ಡಚ್ಚರು ಪೋರ್ಚುಗೀಸರಿಂದ ಕೊಚ್ಚಿಯನ್ನು ಗೆದ್ದುಕೊಂಡರು. ಡಚ್ಚರು ಪ್ರೊಟೆಸ್ಟೆಂಟರು, ಕಥೋಲಿಕ ಸಭೆಗೆ ಅಂದಿನ ರಾಜಕೀಯದಲ್ಲಿ ಬದ್ಧ ವೈರಿಗಳು. ಕೊಚ್ಚಿಯ ಸಂತ ಫ್ರಾನ್ಸಿಸರ ದೇವಾಲಯ ಅವರ ಆರಾಧನೆಗೆ ಹೋಯಿತು. ಸಾಂತಾ ಕ್ರೂಸ್ ಮಹಾದೇವಾಲಯ ಆಯುಧಗಳ ಉಗ್ರಾಣವಾಯಿತು. ಯುರೋಪಿನ ಕಥೋಲಿಕ ಗುರುಗಳು ಊರು ಬಿಟ್ಟು ಹೋಗಬೇಕೆಂದು ಅಪ್ಪಣೆಯಾಯಿತು. ಇಂಥ ಕಾಲದಲ್ಲಿಯೂ ಆ ನಾಡಿನಲ್ಲಿ ನೆಲೆಸಲು ಅನುಮತಿ ಪಡೆದವರು ಸಂತ ಜೋಸೆಫರ ಮತ್ತೇಯು ಎಂಬ ಸನ್ಯಾಸನಾಮದ ಕಾರ್ಮೆಲ್ ಸಭೆಯ ಗುರುಗಳು.

ಮತ್ತೇಯು ಸ್ವಾಮಿಗಳು ಇಟಲಿಯ ನೇಪಲ್ಸ್ ಸೀಮೆಯವರು. ಪೂರ್ವಾಶ್ರಮದಲ್ಲಿ ಅವರ ಹೆಸರು ಪಿಯೆತ್ರೊ ಫೊಲ್ಯ. ಆ ಭಾಷೆಯಲ್ಲಿ ಫೊಲ್ಯ ಎಂದರೆ ಎಲೆ. ವೈದ್ಯಶಾಸ್ತ್ರವನ್ನು ಓದಿಕೊಂಡು ಕಾರ್ಮೆಲ್ ಸಭೆಯನ್ನು ಸೇರಿದ ಅವರು ಕಾರ್ಮೆಲ್ ಬೆಟ್ಟ, ಸಿರಿಯ ಮೊದಲಾದ ಕಡೆಗಳಲ್ಲಿ ದುಡಿದು, 1650ರ ದಶಕದಲ್ಲಿ ಮಲಬಾರಿಗೆ ಬಂದರು. 1653ರ ಕೂನನ್ ಶಿಲುಬೆಯ ಪ್ರತಿಜ್ಞೆಯಿಂದ ಒಡೆದುಹೋಗಿದ್ದ ಸಂತ ತೋಮಾಸರ ಕ್ರೈಸ್ತರನ್ನು ಸಮಾಧಾನಪಡಿಸುವುದು ಆ ಸಭೆಯ ಗುರುಗಳಿಗೆ ವಹಿಸಲಾಗಿದ್ದ ಕೆಲಸ. ಆದರೆ ಹೋದಲ್ಲೆಲ್ಲ ಗಿಡಮರಗಳನ್ನು ಕಂಡು, ಅವುಗಳ ಗುಣಗಳನ್ನು ಕೇಳಿ, ಲೇಖನಿಯಿಂದ ಚಿತ್ರ ಬರೆದಿಡುವುದು ಅವರ ರೂಢಿಯಾಗಿತ್ತು. ಅವರು ಯುರೋಪಿಗೆ ಕಳುಹಿಸಿದ ವಿವರಗಳಲ್ಲಿ ಕೆಲವನ್ನು ಬೊಲೊಞ್ಞ ನಗರದ ಸಸ್ಯಶಾಸ್ತ್ರಜ್ಞ ಜಾಕೊಮೊ ಜನೋನಿ 1675ರ ತಮ್ಮ ಗ್ರಂಥದಲ್ಲಿ ಬಳಸಿಕೊಂಡರು.

1670ರಲ್ಲಿ ಹೆಂಡ್ರಿಕ್ ವಾನ್ ರೇಡೆ ಎಂಬ ಡಚ್ ಗಣ್ಯರು ಮಲಬಾರಿನ ಅಧಿಕಾರಿಯಾಗಿ ನೇಮಕಗೊಂಡರು. ಕೊಚ್ಚಿಯ ಸುತ್ತಣ ಕಾಡುಗಳ ದಟ್ಟತನಕ್ಕೆ ಬೆರಗಾದ ಅವರಿಗೆ ಇದನ್ನೆಲ್ಲ ಬರೆದಿಡಬೇಕೆಂಬ ಹಂಬಲ ಹುಟ್ಟಿತು. ಅವರ ಉದ್ದೇಶದಲ್ಲಿ ವ್ಯಾಪಾರದ ಲೆಕ್ಕಾಚಾರವೂ ಇತ್ತೆಂಬುದನ್ನು ನಾವು ಮರೆಮಾಚಬೇಕಿಲ್ಲ. ಸಿಪಾಯಿಗಳಿಗೆ ಬೇಕಾದ ಔಷಧಗಳನ್ನು ದೂರದ ಹಾಲೆಂಡಿನಿಂದ ತರಿಸುವ ಬದಲು ಸ್ಥಳದಲ್ಲಿಯೇ ಪಡೆದರೆ ಕಂಪೆನಿಗೆ ಲಾಭವೆಂದು ಅವರು ಎಣಿಸಿದ್ದರು. ಅವರು ಮೊದಲು ನೆರವು ಕೇಳಿದ್ದು ತಮ್ಮ ಮತದವರಲ್ಲದ ಮತ್ತೇಯು ಸ್ವಾಮಿಗಳನ್ನು. ಸ್ವಾಮಿಗಳು ಒಪ್ಪಿಕೊಂಡರು. ಗ್ರಂಥದ ಮೊದಲ ಬೀಜ ಬಿದ್ದದ್ದು ಹೀಗೆ.

ಆದರೆ ಮುಂದೆ ನಡೆದದ್ದು ಬೇರೆ. ಸಿಂಹಳದಲ್ಲಿದ್ದ ಪೌಲ್ ಹೆರ್ಮನ್ ಎಂಬ ವೈದ್ಯರು ಕೊಚ್ಚಿಗೆ ಬಂದಾಗ ಈ ಚಿತ್ರಗಳನ್ನು ಕಂಡರು. ಅವರು ಸಸ್ಯಶಾಸ್ತ್ರವನ್ನು ಕ್ರಮವಾಗಿ ಕಲಿತವರು. ಸ್ವಾಮಿಗಳ ಚಿತ್ರಗಳು ಶಾಸ್ತ್ರಕ್ಕೆ ಸಾಲದು ಎಂಬುದು ಅವರ ಅಭಿಪ್ರಾಯವಾಯಿತು. ವಾನ್ ರೇಡೆ ಹೊಸದಾಗಿ ಕೆಲಸ ಆರಂಭಿಸಿದರು. ಲ್ಯಾಟಿನ್ ಬರವಣಿಗೆ ಯೊಹಾನ್ನೆಸ್ ಕಸೇರಿಯುಸ್ ಎಂಬ ಡಚ್ ಉಪದೇಶಕರ ಪಾಲಿಗೆ ಬಂತು. ಚಿತ್ರ ಬರೆಯಲು ಕಂಪೆನಿಯ ಚಾಕರಿಯಲ್ಲಿದ್ದ ಆಂತೊನಿ ಗೊಯ್ಟ್‌ಕಿಂಟ್, ಮಾರ್ಸೆಲಿಸ್ ಸ್ಪ್ಲಿಂಟರ್ ಮುಂತಾದವರು ನಿಯುಕ್ತರಾದರು. ಹಲವು ವರ್ಷ ಬಿಸಿಲಲ್ಲಿ ನಡೆದು ಬರೆದ ಚಿತ್ರಗಳು ಬದಿಗೆ ಸರಿದಾಗ ಒಬ್ಬ ಮನುಷ್ಯನಿಗೆ ಏನನ್ನಿಸಿರಬಹುದೆಂದು ನಾವು ಊಹಿಸಬಲ್ಲೆವು. ಗುರುವಾದರೂ ಮನುಷ್ಯನೇ. ಆದರೂ ಮೊದಲ ಸಂಪುಟದ ಆರಂಭದ ಪುಟಗಳಲ್ಲಿ ಅವರ ಹೆಸರಿದೆ. ಸಮಾರ್ಯದ ಬಾವಿಯ ಬಳಿ ಪ್ರಭು ಬಿತ್ತನೆ ಮತ್ತು ಕೊಯ್ಲಿನ ಕುರಿತು ಶಿಷ್ಯರಿಗೆ ಹೇಳಿದ್ದನ್ನು ನಮ್ಮ ಓದುಗರು ಇಲ್ಲಿ ಸ್ಮರಿಸಿಕೊಳ್ಳಬಹುದು.

ಬದಿಗೆ ಸರಿದ ಕಾಲದಲ್ಲಿಯೂ ಸ್ವಾಮಿಗಳು ಸುಮ್ಮನಿರಲಿಲ್ಲ. ಡಚ್ಚರ ಆಳ್ವಿಕೆಯಲ್ಲೇ 1673ರಲ್ಲಿ ವರಾಪುಳದಲ್ಲಿ ಮತ್ತು ಕೊಚ್ಚಿಗೆ ಸಮೀಪದ ಚಾತ್ಯಾತ್‌ನಲ್ಲಿ ದೇವಾಲಯಗಳು ನೆಲೆಗೊಳ್ಳಲು ಅವರು ಕಾರಣರಾದರು. ಇಂದು ವರಾಪುಳದ ಹೆಸರಿನಲ್ಲಿ ಒಂದು ಮಹಾಧರ್ಮಪ್ರಾಂತವೇ ಇದೆ.

ಈಗ ಗ್ರಂಥದ ಅತ್ಯಂತ ಹೃದಯಂಗಮವಾದ ಭಾಗಕ್ಕೆ ಬರೋಣ. ಮೊದಲ ಸಂಪುಟದ ಆರಂಭದಲ್ಲಿ ಕೆಲವು ಸಾಕ್ಷಿಪತ್ರಗಳಿವೆ. 1675ರ ಏಪ್ರಿಲ್ ತಿಂಗಳಲ್ಲಿ ಬರೆದವು. ಒಂದು ಪತ್ರ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರದು. ಚೇರ್ತಲ ಪ್ರದೇಶದ ಕಡಕ್ಕರಪ್ಪಳ್ಳಿಯ ಕೊಲ್ಲಾಟ್ ಮನೆತನದವರು ಅವರು. ತಮ್ಮ ವಂಶಪಾರಂಪರ್ಯದ ವೈದ್ಯಗ್ರಂಥದಿಂದಲೂ ಅನುಭವದಿಂದಲೂ ಗಿಡಮರಗಳ ಹೆಸರು ಮತ್ತು ಗುಣಗಳನ್ನು ಹೇಳಿ ಬರೆಯಿಸಿದವರು. ಇನ್ನೊಂದು ಪತ್ರ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರದು. ಅವರು ಸಂಸ್ಕೃತ ನಿಘಂಟುಗಳನ್ನು ನೋಡಿ ಹೇಳಿದವರು. ಮತ್ತೊಂದು ಪತ್ರ ದುಭಾಷಿ ಎಮ್ಮಾನುವೆಲ್ ಕರ್ನೈರೊ ಅವರದು. ಇಟ್ಟಿ ಅಚ್ಯುತನ್ ಮಲಯಾಳದಲ್ಲಿ ಹೇಳಿದ್ದನ್ನು ಅವರು ಪೋರ್ಚುಗೀಸಿಗೆ ತಂದರು. ಅದು ಅಲ್ಲಿಂದ ಲ್ಯಾಟಿನ್ನಿಗೆ ಹೋಯಿತು.

ಈಳವ ವೈದ್ಯನೂ ಬ್ರಾಹ್ಮಣ ಪಂಡಿತರೂ ಒಂದೇ ಸಾಲಿನಲ್ಲಿ ಕೂರಲಾಗದಿದ್ದ ಕಾಲವದು. ಕಥೋಲಿಕ ಪಾದ್ರಿಗೂ ಡಚ್ ಉಪದೇಶಕನಿಗೂ ಒಂದೇ ಬಲಿಪೀಠವಿರಲಿಲ್ಲ. ಹೀಗಿದ್ದೂ ಇವರೆಲ್ಲರ ಹೆಸರುಗಳು ಒಂದೇ ಗ್ರಂಥದ ಮುಂಪುಟಗಳಲ್ಲಿ ಸೇರಿವೆ. ಇಟ್ಟಿ ಅಚ್ಯುತನರ ಪತ್ರವನ್ನು ಅವರದೇ ಬರಹದ ರೂಪದಲ್ಲಿ, ಪಂಡಿತರ ಪತ್ರವನ್ನು ನಾಗರಿ ಲಿಪಿಯ ಕೊಂಕಣಿಯಲ್ಲಿ ತಗಡಿನಲ್ಲಿ ಕೊರೆದು ಒತ್ತಲಾಗಿದೆ. ಮಲಯಾಳ ಲಿಪಿ ಅಚ್ಚಿನಲ್ಲಿ ಕಾಣಿಸಿಕೊಂಡ ಅತಿ ಹಳೆಯ ನಿದರ್ಶನಗಳು ಈ ಗ್ರಂಥದಲ್ಲಿವೆ. ನಾಗರಿಯಲ್ಲಿ ಅಚ್ಚಾದ ಕೊಂಕಣಿಗೂ ಇದು ಅತಿ ಹಳೆಯ ನಿದರ್ಶನಗಳಲ್ಲಿ ಒಂದು. ಗೋವೆಯಿಂದ ವಲಸೆ ಬಂದು ಕನ್ನಡ ಕರಾವಳಿಯಲ್ಲಿ ನೆಲೆಸಿದ ಕಥೋಲಿಕ ಕುಟುಂಬಗಳೂ ಸಾರಸ್ವತ ಕುಟುಂಬಗಳೂ ಮನೆಯಲ್ಲಿ ಆಡುವ ಮಾತು ಇದೇ ಕೊಂಕಣಿ ಎಂಬುದನ್ನು ಇಲ್ಲಿ ಹೇಳದೆ ಬಿಡಲಾಗದು.

ಸಂತೋಷದ ಈ ಪುಟದ ಜೊತೆಗೆ ದುಃಖದ ಒಂದು ಪುಟವನ್ನೂ ನಾವು ಓದಬೇಕು. ಗೋವೆಯ ವೈದ್ಯ ಗಾರ್ಸಿಯ ದ ಓರ್ತ ಅವರನ್ನು ಮೇಲೆ ಹೆಸರಿಸಿದೆವು. ಅವರು ಯೆಹೂದಿ ಮೂಲದ ಮನೆತನದವರು. ಅವರು 1568ರಲ್ಲಿ ತೀರಿಕೊಂಡರು. 1580ರಲ್ಲಿ ಗೋವೆಯ ಧರ್ಮವಿಚಾರಣಾ ಪೀಠವು, ಅವರು ಗುಟ್ಟಾಗಿ ಯೆಹೂದಿ ಧರ್ಮವನ್ನು ಪಾಲಿಸುತ್ತಿದ್ದರೆಂದು ತೀರ್ಮಾನಿಸಿ, ಗೋರಿಯಿಂದ ಅವರ ಅಸ್ಥಿಗಳನ್ನು ತೆಗೆಸಿ ಸುಡಿಸಿತು. ಮಾವಿನ ರುಚಿಯನ್ನೂ ಹಲಸಿನ ಗುಣವನ್ನೂ ಯುರೋಪಿಗೆ ತಿಳಿಸಿಕೊಟ್ಟ ವೃದ್ಧ ವೈದ್ಯನಿಗೆ ನಮ್ಮ ಸಭೆಯ ಹೆಸರಿನಲ್ಲಿ ಆದ ಸತ್ಕಾರ ಇದು. 1964 ಮತ್ತು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಇತರ ಕ್ರೈಸ್ತರ ಕುರಿತೂ ಇತರ ಧರ್ಮಗಳ ಕುರಿತೂ ಗೌರವದ ಪ್ರಕಟಣೆಗಳನ್ನು ಹೊರಡಿಸಿತು. ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲು ಮತ್ತೇಯು ಸ್ವಾಮಿಗಳು ಅಂಥ ಗೌರವವನ್ನು ಕೆಲಸದ ಮೂಲಕ ತೋರಿಸಿದ್ದರು.

ಈ ಚಿತ್ರಗಳನ್ನು ಮಾಡುತ್ತಿದ್ದ ಬಗೆಯನ್ನು ನಮ್ಮ ಯುವಕರಿಗಾಗಿ ಸಂಕ್ಷೇಪವಾಗಿ ತಿಳಿಸುತ್ತೇವೆ. ಕಾಡಿನಿಂದ ಎಲೆ, ಹೂ, ಕಾಯಿಗಳಿರುವ ಕೊಂಬೆಗಳನ್ನು ತಂದ ಕೂಡಲೇ, ಬಾಡುವ ಮೊದಲು, ಕೊಚ್ಚಿಯಲ್ಲಿದ್ದ ಚಿತ್ರಕಾರರು ಮಸಿಯಲ್ಲಿ ಬರೆದುಕೊಳ್ಳುತ್ತಿದ್ದರು. ಆ ಹಾಳೆಗಳು ಹಡಗಿನಲ್ಲಿ ಹಾಲೆಂಡಿಗೆ ಹೋಗುತ್ತಿದ್ದವು. ಅಲ್ಲಿನ ಕುಶಲಕರ್ಮಿಗಳು ನಯವಾದ ತಾಮ್ರದ ತಗಡಿನ ಮೇಲೆ ಚೂಪಾದ ಉಳಿಯಿಂದ ಗೆರೆಗಳನ್ನು ಕೊರೆಯುತ್ತಿದ್ದರು. ಅಚ್ಚಿನಲ್ಲಿ ಎಡವು ಬಲವಾಗುವುದರಿಂದ ಅಕ್ಷರಗಳನ್ನು ತಿರುಗುಮುರುಗಾಗಿ ಕೊರೆಯಬೇಕಿತ್ತು. ಆಮೇಲೆ ತಗಡಿಗೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಗೆರೆಯ ತಗ್ಗುಗಳಲ್ಲಿ ಮಾತ್ರ ಮಸಿ ಉಳಿಯುವಂತೆ ಮಾಡಿ, ತೇವದ ಕಾಗದವನ್ನಿಟ್ಟು ಉರುಳೆಯ ಯಂತ್ರದಲ್ಲಿ ಒತ್ತುತ್ತಿದ್ದರು. ಮಲಯಾಳವನ್ನು ಓದಲು ಬಾರದ, ಹಲಸನ್ನು ತಿನ್ನದ ಕೈಗಳು ಮಾಡಿದ ಕೆಲಸವಿದು. ಮುಳ್ಳೊಂದು ತಪ್ಪದಂತೆ, ಅಕ್ಷರವೊಂದು ಬಿಡದಂತೆ ಅವರು ಕಾಣದ ದೇಶದ ಮರವನ್ನು ನಂಬಿಕೆಯಿಂದ ಕೊರೆದರು.

ಕನ್ನಡ ಬಲ್ಲವರಿಗೆ ಈ ಚಿತ್ರಗಳ ಹೆಸರುಗಳನ್ನು ಓದುವುದೇ ಒಂದು ಆನಂದ. ನಾಲ್ಕನೆಯ ಸಂಪುಟದ ಮೊದಲ ಚಿತ್ರಗಳ ಹೆಸರು ‘ಮಾವ್’, ನಮ್ಮ ಮಾವು. ಮೊದಲ ಸಂಪುಟದಲ್ಲಿ ‘ತೆಂಗ’ ನಮ್ಮ ತೆಂಗು, ‘ಬಾಲ’ ನಮ್ಮ ಬಾಳೆ, ‘ಬಾಲಂ-ಪುಳ್ಳಿ’ ನಮ್ಮ ಹುಣಿಸೆ. ಊಟದ ಸಾರಿಗೆ ಹುಳಿ ಕೊಡುವ ‘ಕೊಡ್ಡಂ-ಪುಳ್ಳಿ’ಯೂ ಅಲ್ಲಿದೆ, ನಮ್ಮ ಘಟ್ಟದವರು ಅದನ್ನು ಉಪ್ಪಾಗೆ ಎನ್ನುತ್ತಾರೆ. ತೆಂಗಿಗೆ ನಾಲ್ಕು ಫಲಕಗಳು, ಹಲಸಿಗೆ ಮೂರು, ಮಾವಿಗೆ ಎರಡು. ಹಣ್ಣಿನ ಮರಗಳಿಗೆ ಅವರು ಜಿಪುಣತನ ತೋರಲಿಲ್ಲ.

ಅದೇ ಪುಟಗಳಲ್ಲಿ ಪರದೇಶದಿಂದ ಬಂದ ಮರಗಳೂ ಇವೆ. ಮೂರನೆಯ ಸಂಪುಟದ ‘ಕಪ-ಮಾವ’ ಎಂದರೆ ಹಡಗಿನ ಮಾವು, ಅದು ನಮ್ಮ ಗೇರುಮರ. ಬ್ರೆಜಿಲ್ ದೇಶದ ಈ ಮರವನ್ನು ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ತಂದರು. ಮೊದಲ ಸಂಪುಟದಲ್ಲಿರುವ ಪಪ್ಪಾಯಿಯೂ ಅಮೆರಿಕ ಖಂಡದ್ದು. ಫರಂಗಿಯವರು ತಂದದ್ದೆಂದು ನಮ್ಮ ಹಿರಿಯರು ಅದನ್ನು ಪರಂಗಿ ಹಣ್ಣು ಎಂದು ಕರೆದರು. ಸೀತಾಫಲ, ರಾಮಫಲಗಳ ಕುಲವೂ ಹೀಗೆಯೇ ಸಮುದ್ರ ದಾಟಿ ಬಂದದ್ದು. ಆದರೆ ಈ ನಾಡಿನ ಜನ ಅವಕ್ಕೆ ಸೀತೆಯ, ರಾಮನ ಹೆಸರಿಟ್ಟು ಹಿತ್ತಲಿಗೆ ಸೇರಿಸಿಕೊಂಡರು. ಪರದೇಶದಿಂದ ಬಂದ ವಿಶ್ವಾಸವೊಂದು ಈ ಮಣ್ಣಿನ ಮಾತನ್ನು ಕಲಿತು ಬೇರೂರಿದ ಬಗೆಯನ್ನು ಬಲ್ಲ ನಮಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಿಲ್ಲ.

ಗ್ರಂಥಕ್ಕಾಗಿ ದುಡಿದವರಲ್ಲಿ ಅನೇಕರು ಅದನ್ನು ಪೂರ್ಣವಾಗಿ ಕಾಣಲಿಲ್ಲ. ಕಸೇರಿಯುಸ್ 1677ರಲ್ಲಿ ತೀರಿಕೊಂಡರು, ಆಗ ಮೊದಲ ಸಂಪುಟವೂ ಹೊರಬಂದಿರಲಿಲ್ಲ. ವಾನ್ ರೇಡೆ 1691ರ ಡಿಸೆಂಬರಿನಲ್ಲಿ ಹಡಗಿನಲ್ಲೇ ಮರಣ ಹೊಂದಿದರು. ಅವರ ಸಮಾಧಿ ಸೂರತ್ತಿನಲ್ಲಿದೆ. ಕೊನೆಯ ಸಂಪುಟ ಹೊರಬಂದದ್ದು ಅದಕ್ಕೆ ಎರಡು ವರ್ಷಗಳ ಮೇಲೆ. ಸ್ವೀಡನ್ನಿನ ಲಿನ್ನೇಯಸ್ 1753ರಲ್ಲಿ ಜಗತ್ತಿನ ಸಸ್ಯಗಳಿಗೆ ಎರಡು ಪದಗಳ ಶಾಸ್ತ್ರೀಯ ನಾಮಗಳನ್ನು ನೀಡಿದಾಗ ಮಲಬಾರಿನ ಮರಗಳಿಗೆ ಈ ಚಿತ್ರಗಳನ್ನೇ ಬಹುವಾಗಿ ಅವಲಂಬಿಸಿದರು. ಒಣಗಿಸಿಟ್ಟ ಮಾದರಿ ಕೊಂಬೆಗಳಿಲ್ಲದ ಕಾರಣ, ಹಲವು ಸಸ್ಯನಾಮಗಳಿಗೆ ಇಂದಿಗೂ ಈ ತಾಮ್ರಫಲಕದ ಚಿತ್ರವೇ ಅಧಿಕೃತ ಆಧಾರ. ನಮ್ಮ ಕಾಲದಲ್ಲಿ ಕೇರಳದ ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲ್ ಅವರು ತಮ್ಮ ಜೀವಮಾನದ ಬಹುಭಾಗವನ್ನು ಈ ಗ್ರಂಥಕ್ಕೆ ಮುಡಿಪಿಟ್ಟರು. ಅವರ ಇಂಗ್ಲಿಷ್ ಅನುವಾದ 2003ರಲ್ಲಿ, ಮಲಯಾಳ ಅನುವಾದ 2008ರಲ್ಲಿ ಕೇರಳ ವಿಶ್ವವಿದ್ಯಾಲಯದಿಂದ ಪ್ರಕಟವಾದವು. ಇಟ್ಟಿ ಅಚ್ಯುತನರು ಮಲಯಾಳದಲ್ಲಿ ಹೇಳಿದ ಜ್ಞಾನ ಅದೇ ಮಾತಿಗೆ ಮರಳಿ ಬರಲು ಮುನ್ನೂರು ವರ್ಷ ಮಿಕ್ಕಿತು. ಮಣಿಲಾಲರು 2025ರ ಜನವರಿಯಲ್ಲಿ ನಿಧನರಾದರು.

ಕೊನೆಯಲ್ಲಿ ನಮ್ಮದೇ ಒಂದು ತಪ್ಪನ್ನು ನಿವೇದಿಸಿಕೊಳ್ಳುವುದು ಬಾಕಿ ಇದೆ. ನಾವು ತರುಣರಾಗಿದ್ದಾಗ ನಮಗೆ ವಹಿಸಿದ್ದ ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ಸಭಾಭವನ ಕಟ್ಟಿಸುವ ಉತ್ಸಾಹದಲ್ಲಿ ಅಂಗಳದ ಮಿಡಿಮಾವಿನ ಮರವನ್ನು ಕಡಿಸಿದೆವು. ಯಾರನ್ನೂ ಕೇಳಲಿಲ್ಲ. ಮರ ಉರುಳಿದ ಮರುದಿನ ಬೆಳಗಿನ ಬಲಿಪೂಜೆ ಮುಗಿದ ಮೇಲೆ ವೃದ್ಧರೊಬ್ಬರು ಬಂದು, ಅದನ್ನು ತಮ್ಮ ತಾಯಿ ನೆಟ್ಟದ್ದೆಂದೂ, ಎರಡು ಬೇಸಿಗೆ ಹೊಳೆಯಿಂದ ನೀರು ಹೊತ್ತು ಹಾಕಿದ್ದರೆಂದೂ ಹೇಳಿದರು. ಅವರು ದೂರಲಿಲ್ಲ. ಸ್ವಾಮಿಗಳಿಗೆ ತಿಳಿಯದಿರಬಹುದೆಂದು ಹೇಳಿದೆ, ಅಷ್ಟೆ, ಎಂದು ಹೊರಟುಹೋದರು. ಬೀಜದಿಂದ ಹುಟ್ಟಿದ ಮಿಡಿಮಾವಿನ ಒಂದೊಂದು ಮರಕ್ಕೂ ಒಂದೊಂದು ಸೊನೆಯ ಪರಿಮಳ. ಕಸಿ ಕಟ್ಟದೆ ಕಡಿದರೆ ಆ ಪರಿಮಳ ಮತ್ತೆ ಸಿಗದು. ಸಭಾಭವನ ಇಂದಿಗೂ ಗಟ್ಟಿಯಾಗಿದೆ. ಅದರ ಗೋಡೆಯ ಶಿಲಾಫಲಕದಲ್ಲಿ ನಮ್ಮ ಹೆಸರೂ ಇದೆ.

ಆದುದರಿಂದ ಶತಮಾನೋತ್ಸವದ ನೆನಪಿಗಾಗಿ ಈ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನದ ದಾಖಲೆಯ ಪಕ್ಕದಲ್ಲಿಯೇ ಇನ್ನೊಂದು ಪುಸ್ತಕವನ್ನು ಇಡಲು ಧರ್ಮಕೇಂದ್ರ ಪಾಲನಾ ಸಮಿತಿಯವರೊಡನೆ ಕೂಡಿ ನಿಶ್ಚಯಿಸಿದ್ದೇವೆ. ದೇವಾಲಯದ ಅಂಗಳ, ಶಾಲೆ, ಸ್ಮಶಾನಗಳಲ್ಲಿರುವ ಒಂದೊಂದು ಹಣ್ಣಿನ ಮರಕ್ಕೂ ಅದರಲ್ಲಿ ಒಂದೊಂದು ಪುಟ. ಮರದ ಹೆಸರು, ನಮ್ಮ ಮನೆಗಳಲ್ಲಿ ಆಡುವ ಎಲ್ಲ ಮಾತುಗಳಲ್ಲಿಯೂ. ನೆಟ್ಟವರು ಯಾರು, ಹಾಗೆಂದು ಹೇಳಿದವರು ಯಾರು, ಅವರ ರುಜು ಅಥವಾ ಹೆಬ್ಬೆಟ್ಟಿನ ಗುರುತು. ಚಿತ್ರ ಬರೆಯುವ ಕೆಲಸವನ್ನು ಧರ್ಮೋಪದೇಶದ ಮಕ್ಕಳು ಈಗಾಗಲೇ ಆರಂಭಿಸಿದ್ದಾರೆ. ತಿಳಿದವರು, ಅವರು ಯಾವ ಧರ್ಮದವರೇ ಇರಲಿ, ಹಬ್ಬದ ಮೊದಲು ಗುರುನಿವಾಸಕ್ಕೆ ಬಂದು ಹೇಳಿಹೋಗಬೇಕೆಂದು ವಿನಂತಿಸುತ್ತೇವೆ.

ಹಿತ್ತಲಿನ ಹಲಸಿನ ಮರವನ್ನು ತಮ್ಮ ಅಜ್ಜ ನೆಟ್ಟದ್ದೆಂದು ಎರಡು ಮನೆಯವರು ಈಗಾಗಲೇ ಹೇಳಿದ್ದಾರೆ. ಒಬ್ಬರು ನಮ್ಮ ಧರ್ಮಕೇಂದ್ರದವರು, ಇನ್ನೊಬ್ಬರು ದೇವಾಲಯದ ನೆರೆಯ ಹಿಂದೂ ಮನೆತನದವರು. ಇಬ್ಬರ ಮಾತನ್ನೂ ಮೊದಲ ಪುಟದಲ್ಲಿ ಒಂದರ ಕೆಳಗೊಂದು ಬರೆದು ರುಜು ಹಾಕಿಸಿಕೊಂಡಿದ್ದೇವೆ.